ಓದದೆ ಬಿಟ್ಟ ಬೀದಿ

ದೊಡ್ಡನೆಕ್ಕುಂದಿ
೧೨ ಜನವರಿ ೨೦೨೫, ಭಾನುವಾರ

ಮಂಜುಶ್ರೀಯ ಅಪ್ಪನಿಗೆ ಯಮುನಾ ಮಾಡುವ ನಮಸ್ಕಾರ.

ಮೊದಲು ಖರ್ಚಿನ ಲೆಕ್ಕ. ಕ್ಷೇಮ ಸಮಾಚಾರ ಆಮೇಲೆ, ಅದು ಹೆಚ್ಚೇನೂ ಇಲ್ಲ. ಮಗಳ ತಿಥಿಯ ಶಾಮಿಯಾನ, ಪಾತ್ರೆ, ಬಾಳೆ ಎಲೆ ಎಲ್ಲವನ್ನೂ ಅವತ್ತೇ ತೀರಿಸಿದೆ, ಅದನ್ನು ನಾನು ಖರ್ಚು ಎಂದು ಹಿಡಿಯುವುದಿಲ್ಲ. ಖರ್ಚು ಅಂದರೆ ಇದು: ಒಬ್ಬಳೇ ಮಗಳು. ಒಬ್ಬ ಗಂಡ, ಅತ್ತಿಬೆಲೆಯಷ್ಟು ದೂರಕ್ಕೆ. ಊರ ಬೀದಿಯಲ್ಲಿ ತಲೆ ಎತ್ತಿ ನಡೆಯುವ ಅಭ್ಯಾಸ. ಮಗಳು ಹೋದದ್ದನ್ನು ಯಾರ ಹೆಸರಿಗೆ ಬರೆಯಬೇಕೋ ನನಗೆ ತಿಳಿಯದು. ಮಿಕ್ಕದ್ದೆಲ್ಲ ಹೋದದ್ದು ಒಂದು ಪದ್ಯಕ್ಕೆ. ಅದೂ ನೀವು ಓದಿದ ಪದ್ಯಕ್ಕಲ್ಲ, ಓದದೆ ಬಿಟ್ಟ ಪದ್ಯಕ್ಕೆ. ವ್ಯಾಪಾರದಲ್ಲಿ ಸಾಕಷ್ಟು ಸಲ ಕೈ ಸುಟ್ಟುಕೊಂಡಿದ್ದೇನೆ. ಆದರೆ ಕೊಳ್ಳದ ಸಾಮಾನಿಗೆ ಇಷ್ಟು ಬೆಲೆ ತೆತ್ತದ್ದು ಇದೇ ಮೊದಲು.

ಫೋನ್ ಮಾಡಬಹುದಿತ್ತಲ್ಲ ಎಂದುಕೊಳ್ಳುತ್ತೀರಿ. ನೀವು ಎತ್ತುವುದಿಲ್ಲ. ಎತ್ತಿದರೂ ನಾನು ಮಾತಾಡಿ ಗೆದ್ದುಬಿಡುತ್ತೇನೆ. ಫ್ಯಾಕ್ಟರಿ ಗೇಟಿನ ಮುಂದೆ ತಳ್ಳುಗಾಡಿಯಲ್ಲಿ ತಟ್ಟೆ ಇಡ್ಲಿ ಮಾರಿದವಳು ಇವತ್ತು ಮೂರು ಫ್ಯಾಕ್ಟರಿಗೆ ಊಟ ಕಳಿಸುತ್ತಿದ್ದಾಳೆ ಎಂದರೆ ಅದು ಇಡ್ಲಿಯ ರುಚಿಯಿಂದ ಆದದ್ದಲ್ಲ, ಬಾಯಿಯಿಂದ ಆದದ್ದು ಎಂದು ನೀವೇ ಎಷ್ಟು ಸಲ ಆಡಿಕೊಂಡಿಲ್ಲ? ಈ ಸಲ ನನಗೆ ಗೆಲ್ಲುವುದು ಬೇಡ. ಅದಕ್ಕೇ ಕಾಗದ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಲೆಕ್ಕವನ್ನು ಮೊದಲಿನಿಂದ ಹೇಳದಿದ್ದರೆ ತಾಳೆಯಾಗುವುದಿಲ್ಲ.

ನಿಮ್ಮದು ಓದುವ ಮನೆ. ಊರಲ್ಲಿ ಯಾರು ಹೋದರೂ ತಿಥಿಯ ದಿನ ಸಂಜೆ ನಿಮ್ಮ ಮನೆಯ ಗಂಡಸು ಹೋಗಿ ಆ ಹಳೇ ಕಾವ್ಯ ಓದಬೇಕು. ಮಾವನವರು ಚಿಕ್ಕಬೈರಪ್ಪ ಓದಿದರು, ಅವರಾದ ಮೇಲೆ ನೀವು. ಹಗಲೆಲ್ಲ ಲೇತ್ ಮೆಷಿನ್ ಮುಂದೆ ನಿಂತು, ಉಗುರಿನ ಸಂದಿಯ ಎಣ್ಣೆ ತೊಳೆದುಕೊಂಡು, ಬಿಳೀ ಪಂಚೆ ಉಟ್ಟು ಹೊರಟರೆ ಮದುವೆಯಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತಿದ್ದಿರಿ. ಬರೆದ ಕವಿ ಯಾರೋ ಯಾರಿಗೂ ಗೊತ್ತಿಲ್ಲ. ಆರೇಳು ನೂರು ವರ್ಷದ ಹಿಂದಿನವನು ಎಂದು ಮಾವ ಅನ್ನುತ್ತಿದ್ದರು. ಅವನ ಲೆಕ್ಕದಲ್ಲಿ ನರಕ ಎಂದರೆ ಬೆಂಕಿಯ ಗುಂಡಿಯಲ್ಲ, ಒಂದು ಪಟ್ಟಣ. ಕೋಟೆ, ಬಾಗಿಲು, ಸುಂಕದ ಕಟ್ಟೆ, ಬೀದಿಯ ಮೇಲೆ ಬೀದಿ. ಒಂದೊಂದು ಪಾಪಕ್ಕೆ ಒಂದೊಂದು ಬೀದಿ. ಕೆರೆ ಒಡೆದವರ ಬೀದಿಯಲ್ಲಿ ಜನ ಕುತ್ತಿಗೆಮಟ್ಟ ನೀರಲ್ಲಿ ನಿಂತು ಬಾಯಾರಿ ಅಳುತ್ತಾರೆ. ಆ ಪದ್ಯ ಬಂದಾಗ ಮುಂದಿನ ಸಾಲಿನ ಬಿಲ್ಡಿಂಗ್ ಓನರ್‌ಗಳೆಲ್ಲ ಒಟ್ಟಿಗೆ ಫೋನ್ ನೋಡುತ್ತಿದ್ದರು. ಕಲಬೆರಕೆಯವರ ಬೀದಿ ಬಂದಾಗ ನೀವು ಕಣ್ಣೆತ್ತಿ ಅಡುಗೆಯ ಕಡೆ, ಅಂದರೆ ನನ್ನ ಕಡೆ, ನೋಡುತ್ತಿದ್ದಿರಿ. ಅಲ್ಲಿ ಪಾಪಿಗಳನ್ನು ಅವರ ಎಣ್ಣೆಯಲ್ಲೇ ಕರಿಯುತ್ತಾರಂತೆ. ನಿಮ್ಮ ಕವಿಗೆ ಎಣ್ಣೆ ರೇಟು ಗೊತ್ತಿಲ್ಲ ಕಣ್ರೀ, ಅಷ್ಟು ಜನರನ್ನ ಕರಿಯೋಕೆ ಹೊರಟರೆ ಯಮ ದಿವಾಳಿ ಆಗ್ತಾನೆ, ಎಂದು ನಾನು ಒಮ್ಮೆ ಅಂದದ್ದಕ್ಕೆ ಮಂಜು ನೀರು ನೆತ್ತಿಗೆ ಹತ್ತುವಷ್ಟು ನಕ್ಕಿದ್ದಳು.

ಒಂದು ಬೀದಿ ಓದಿದರೆ ಅರಿಶಿನದ ದಾರಕ್ಕೆ ಒಂದು ಗಂಟು. ಮುಂದೆ ಯಾವ ಬೀದಿ ಎಂದು ಜನ ಕೇಳಬೇಕು, ನೀವು ಹೇಳಬೇಕು, ಕೊನೆಯ ಸಾಲನ್ನು ಎಲ್ಲರೂ ಸೇರಿ ಹೇಳಬೇಕು. ಹೀಗೆ ಹೇಳಿ ಹೇಳಿಯೇ ಊರಿಗೆಲ್ಲ ನರಕ ಬಾಯಿಪಾಠ. ಹೋದ ಜೀವವೂ ಆ ಓದಿನ ಜೊತೆ ನಡೆಯುತ್ತಾ, ತನ್ನ ಬೀದಿ ಬಂದಾಗ ನಿಂತುಬಿಡುತ್ತದೆ. ಆಮೇಲೆ ಎರಡನೇ ಅರ್ಧ. ಅದರಲ್ಲಿ ದೇವರು ಬರುತ್ತಾನೆ. ಅದನ್ನು ಓದುವ ಮನೆಯವನೇ ಓದಬೇಕು, ಜೊತೆಗೆ ಯಾರೂ ದನಿಗೂಡಿಸುವಂತಿಲ್ಲ. ಒಂದೊಂದು ಬೀದಿ ಬಿಡುಗಡೆಯಾದ ಹಾಗೆ ಒಂದೊಂದು ಗಂಟು ಬಿಚ್ಚಬೇಕು. ಗಂಟು ಬಿದ್ದ ಬೀದಿಗೆ ಮಾತ್ರ ದೇವರು ಬರುತ್ತಾನೆ, ಅವನಿಗೆ ದಾರಿ ತೋರಿಸುವುದು ಆ ದಾರವೇ. ಇದೆಲ್ಲ ನಿಮಗೆ ಗೊತ್ತು. ನನಗೆ ಗೊತ್ತಿರಲಿಲ್ಲ. ಈ ಊರಿಗೆ ಸೊಸೆಯಾಗಿ ಬಂದು ಎಷ್ಟೋ ತಿಥಿಗೆ ಅಡುಗೆ ಮಾಡಿಸಿದ್ದೇನೆ. ಮೊದಲ ಅರ್ಧ ಕೇಳುತ್ತಾ ಪಲ್ಯ ಒಗ್ಗರಿಸುತ್ತಿದ್ದೆ, ದೇವರು ಬರುವ ಹೊತ್ತಿಗೆ ಎಲೆ ಹಾಕಿಸುತ್ತಿದ್ದೆ. ಅವನು ಬಂದು ಏನು ಮಾಡಿ ಹೋದನೋ ಒಮ್ಮೆಯೂ ಕೇಳಲಿಲ್ಲ. ನಾನೊಬ್ಬಳೇ ಅಲ್ಲ ಬಿಡಿ. ಅನ್ನ ಬಡಿಸುವ ಸದ್ದಾದರೆ ಅರ್ಧ ಊರು ದೇವರನ್ನು ಬಿಟ್ಟು ಪಂಕ್ತಿಗೆ ಓಡಿ ಬರುತ್ತಿತ್ತು.

ಈಗ ಮಂಜುವಿನ ದಿನಕ್ಕೆ ಬರುತ್ತೇನೆ. ಅಕ್ಷರ ಕೆಟ್ಟರೆ ಓದಿಕೊಳ್ಳಿ.

ಕೆರೆ ಏರಿ ಮೇಲೆ ವಾಕಿಂಗ್ ಹೋದಾಗ ಕಾಲು ಜಾರಿತು ಎಂದು ಊರಿಗೆ ಹೇಳಿದವಳು ನಾನು. ಠಾಣೆಯವರಿಗೆ, ನಿಮ್ಮ ಅಕ್ಕ ಶ್ಯಾಮಲಾಗೆ, ಹಾಲು ತುಪ್ಪಕ್ಕೆ ಬಂದ ನೆಂಟರಿಗೆ, ಒಂದೊಂದು ಬಾಗಿಲಿಗೂ ಅದೇ ಮಾತು. ನೀವು ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದಿರಿ. ಮಂಜು ಕಿವಿಯ ಓಲೆಗಳನ್ನು ಬಿಚ್ಚಿ ನನ್ನ ಬೀರುವಿನಲ್ಲಿ, ನನ್ನ ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಟ್ಟು ಹೋಗಿದ್ದಳು. ಕಾಲು ಜಾರುವವರು ಓಲೆ ಬಿಚ್ಚಿಟ್ಟು ಹೋಗುವುದಿಲ್ಲ. ಅದನ್ನು ಕಂಡವರು ನಾವಿಬ್ಬರೇ. ಕಂಡ ಮೇಲೂ ಒಬ್ಬರಿಗೊಬ್ಬರು ಏನೂ ಅನ್ನಲಿಲ್ಲ. ಬೆಳ್ಳಂದೂರಿನ ಆಫೀಸಿನ ಕೆಲಸ ಬಿಟ್ಟಾಗಿನಿಂದ ರೂಮಿನಲ್ಲೇ ಇರುತ್ತಿದ್ದಳು. ಸುಸ್ತಮ್ಮಾ ಅನ್ನುತ್ತಿದ್ದಳು. ಡಾಕ್ಟರ ಹತ್ತಿರ ಹೋದೆವು, ಮಾತ್ರೆ ತಂದೆವು, ಸ್ವಲ್ಪ ಗೆಲುವಾದಳು ಎಂದುಕೊಂಡೆವು. ಕಾರಣ ಏನು ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ನನಗೇ ಗೊತ್ತಿಲ್ಲದ ಕಾರಣವನ್ನು ಅವರಿಗೆಲ್ಲಿಂದ ತಂದು ಬಡಿಸಲಿ?

ತಿಥಿಯ ಸಂಜೆ ಬೇರೆ ಓದುವವರು ಇರಲಿಲ್ಲ. ಸ್ವಂತ ಮಗಳಿಗೆ ನೀವೇ ಓದಬೇಕಾಯಿತು. ಅವತ್ತು ನನ್ನನ್ನು ಒಲೆಯ ಹತ್ತಿರ ಬಿಡದೆ ಹೆಂಗಸರು ಮುಂದೆ ಕೂರಿಸಿದ್ದರು. ಸುಳ್ಳು ತೂಕದವರ ಬೀದಿ ಮುಗಿಯಿತು. ಗಂಟು ಹಾಕಿದಿರಿ. ಮುಂದೆ ಯಾವ ಬೀದಿ ಎಂದು ಜನ ಕೇಳಿದರು. ಕೇಳಿದ ಬಾಯಿಗಳೇ, ಅಭ್ಯಾಸಬಲದಿಂದ, ಗೋಡೆ ಬೀದಿ ಎಂದು ಮೆಲ್ಲಗೆ ಅಂದೂ ಬಿಟ್ಟವು. ತನ್ನ ಜೀವ ತಾನೇ ತೆಗೆದುಕೊಂಡವರ ಬೀದಿ. ಅದೇ ಹೊತ್ತಿಗೆ ನೀವು ಸುಂಕದವರ ಬೀದಿ ಎಂದು ಎತ್ತಿಕೊಂಡಿರಿ. ಊರು ಒಂದು ಬೀದಿಯಲ್ಲಿ, ನೀವು ಇನ್ನೊಂದು ಬೀದಿಯಲ್ಲಿ. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ನಿಮ್ಮ ದೊಡ್ಡಪ್ಪನ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಮನೆ ಮನೆಗೂ ಹೇಳಿ ಕಟ್ಟಿದ ಮಾತು ಒಂದು ಉಸಿರಿನಷ್ಟು ಹೊತ್ತಿನಲ್ಲಿ ಬಿದ್ದುಹೋಯಿತು. ನೀವು ಆ ಪದ್ಯ ಓದಿದ್ದರೆ ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ಎಲ್ಲರ ತಿಥಿಯಲ್ಲೂ ಓದುವ ಪದ್ಯ ಅದು.

ಮನೆಗೆ ಬಂದು ನಾನು ಅಂದದ್ದು ನನಗೆ ನೆನಪಿದೆ. ಸುಳ್ಳು ಹೇಳೋಕೆ ಬರಲ್ಲ ಅಂದ್ರೆ ಬಾಯಾದ್ರೂ ಮುಚ್ಕೊಂಡಿರಬೇಕಿತ್ತು ಅಂದೆ. ಮುಚ್ಕೊಂಡೆ ಕಣಮ್ಮಿ, ಅದೇ ತಪ್ಪಾಯ್ತು ಅಂದಿರಿ. ಆಮೇಲೆ, ಓದಿದ್ರೆ ತಾನೇ ಅವ್ಳು ಅಲ್ಲಿ ನಿಲ್ಲೋದು, ಓದ್ದೆ ಬಿಟ್ರೆ ದಾಟ್ಕೊಂಡು ಹೋಗ್ತಾಳೆ ಅಂದ್ಕೊಂಡೆ, ಎಂದಿರಿ. ನಾನು ಆ ಮಾತನ್ನು ಕೇಳಿಸಿಕೊಂಡೆ, ಒಳಗೆ ಬಿಟ್ಟುಕೊಳ್ಳಲಿಲ್ಲ. ನನಗೆ ಆಗ ಕಾಣುತ್ತಿದ್ದದ್ದು ಊರಿನವರ ಮುಖ ಮಾತ್ರ. ನೀವು ಬ್ಯಾಗು ಹಿಡಿದು ಹೊರಟಾಗ ಎಲ್ಲಿಗೆ ಎಂದು ಸಹ ಕೇಳಲಿಲ್ಲ. ಅತ್ತಿಬೆಲೆಯಲ್ಲಿ ಅಕ್ಕನ ಮನೆಯಲ್ಲಿದ್ದಾರೆ, ಗೋಡೌನಿನ ಗೇಟು ಕಾಯುತ್ತಿದ್ದಾರೆ, ಓದುವುದನ್ನು ಬಿಟ್ಟಿದ್ದಾರೆ ಎಂದು ಬೇರೆಯವರ ಬಾಯಿಂದ ತಿಳಿಯಿತು.

ಅಲ್ಲಿಂದ ಈಚೆಗೆ ಊರಲ್ಲಿ ಆದ ಸಾವುಗಳಿಗೆ ಓದು ಇಲ್ಲ. ನಿಮ್ಮ ಚಿಕ್ಕಪ್ಪನ ಮಗ ಲೋಕೇಶ್ ಒಂದು ತಿಥಿಗೆ ದೊಡ್ಡ ಸ್ಪೀಕರ್ ತಂದು, ತನ್ನ ಫೋನಿನಲ್ಲಿದ್ದ ನಿಮ್ಮ ಹಳೇ ಓದನ್ನೇ ಹಾಕಿದ. ಸಕ್ಕತ್ತಾಗಿದೆ ಅತ್ತಿಗೆ, ಅಣ್ಣನೇ ಬಂದು ಕೂತಂಗಿದೆ ಅಂದ. ನಿಮ್ಮ ದನಿ ಕೇಳಿ ಅತ್ತೆ ಬಾಗಿಲಿಗೆ ಎದ್ದು ಬಂದರು. ನಾನು ಸೌಟು ಹಿಡಿದು ನಿಂತಲ್ಲೇ ನಿಂತೆ. ಬೀದಿ ಬೀದಿ ಎಲ್ಲ ಮುಗಿಯಿತು, ಆಮೇಲೆ ಸ್ಪೀಕರ್ ಸುಮ್ಮನಾಯಿತು. ದೇವರು ಬರುವ ಅರ್ಧ ಎಲ್ಲೋ ಎಂದರೆ, ಅಷ್ಟೊತ್ತಿಗೆ ಊಟಕ್ಕೆ ಎದ್ದುಬಿಟ್ಟಿದ್ದೆ ಅತ್ತಿಗೆ ಅಂದ. ಊರಿನ ಬೇರೆ ಹುಡುಗರನ್ನು ಕೇಳಿದೆ. ಎಲ್ಲರ ಹತ್ತಿರವೂ ನರಕವಿದೆ. ದೇವರು ಒಬ್ಬರ ಫೋನಿನಲ್ಲೂ ಇಲ್ಲ.

ಇಷ್ಟಾದರೂ ನಾನು ನಿಮಗೆ ಬರೆಯುತ್ತಿರಲಿಲ್ಲ. ಬರೆಯುವ ಹಾಗೆ ಮಾಡಿದ್ದು ಅತ್ತೆ. ಹೋದ ವಾರ ಮಧ್ಯಾಹ್ನ ಇಬ್ಬರೂ ಕೂತು ಹಿತಕಿದ ಅವರೆ ಮಾಡುತ್ತಿದ್ದೆವು. ಅವರಿಗೆ ಕಣ್ಣು ಅಷ್ಟಾಗಿ ಕಾಣದಿದ್ದರೂ ಬೆರಳಿಗೆ ಅವರೆಕಾಳು ಕಾಣುತ್ತದೆ. ಏನನ್ನೋ ಗುನುಗುತ್ತಿದ್ದರು. ತೂಕದವರ ಬೀದಿ ದಾಟಿ ಅದೇ ಬೀದಿಗೆ ಬಂದಾಗ ತಡೆದು ನಿಂತರು. ನಾನೇ ಹೇಳಿದೆ, ಹೇಳಿ ಅತ್ತೆ, ಬಿಡಬೇಡಿ ಎಂದು. ಆ ಬೀದಿಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿದೆ. ಇಷ್ಟು ವರ್ಷ ಆ ಸಾಲುಗಳು ನನ್ನ ಕಿವಿಯ ಮೇಲೆ ಬಿದ್ದಿವೆ, ಆದರೆ ಒಗ್ಗರಣೆಯ ಸದ್ದಿನಲ್ಲಿ ಅರ್ಥ ಯಾರಿಗೆ ಬೇಕಿತ್ತು?

ಅತ್ತೆ ಅಂದದ್ದನ್ನು ಅವರ ಬಾಯಲ್ಲೇ ಬರೆಯುತ್ತೇನೆ. ಅಲ್ಲಿ ಒಡೆಯೋರಿಲ್ಲ ಬಡಿಯೋರಿಲ್ಲ ಕಣಮ್ಮಿ, ಬೆಂಕಿ ಇಲ್ಲ, ಎಣ್ಣೆ ಇಲ್ಲ. ಒಂದುದ್ದ ಗ್ವಾಡೆ. ಎಲ್ರೂ ಗ್ವಾಡೆ ಕಡೀಕೆ ಮಕ ಆಕ್ಕೊಂಡು ಕುಂತವ್ರೆ. ಎಸ್ರಿಡ್ದು ಕೂಗೋರು ಒಬ್ರೂ ಇಲ್ಲ. ಅದೇ ಅಲ್ಲಿ ಸಿಕ್ಸೆ.

ನನ್ನ ಕೈಯಲ್ಲಿದ್ದ ಅವರೆಕಾಳು ಸಿಪ್ಪೆಯ ರಾಶಿಗೆ ಬಿತ್ತು, ಸಿಪ್ಪೆ ಪಾತ್ರೆಗೆ ಬಿತ್ತು. ಮಂಜು ಕೊನೆಯ ತಿಂಗಳುಗಳಲ್ಲಿ ಹೇಗೆ ಮಲಗುತ್ತಿದ್ದಳು ಹೇಳಿ. ಮಂಚವನ್ನು ಕಿಟಕಿಯ ಕಡೆ ತಿರುಗಿಸುತ್ತೇನೆ ಎಂದು ನೀವು ಅಂದಿದ್ದಿರಿ, ಬೇಡಪ್ಪಾ ಅಂದಿದ್ದಳು. ಗೋಡೆಯ ಆ ಜಾಗದಲ್ಲಿ ಅವಳ ಉಸಿರಿಗೆ ಸುಣ್ಣ ಮಾಸಿದೆ. ಆ ಕವಿ ನರಕವನ್ನು ಸತ್ತ ಮೇಲೆ ನೋಡಿದ್ದಲ್ಲ ಕಣ್ರೀ. ಯಾವುದೋ ಮನೆಯಲ್ಲಿ, ಬಾಗಿಲ ಸಂದಿಯಿಂದ, ನಮ್ಮ ಹಾಗೆಯೇ ತಟ್ಟೆ ಹಿಡಿದು ನಿಂತು ನೋಡಿದ್ದಾನೆ.

ದೇವರು ಆ ಬೀದಿಗೆ ಬಂದು ಏನು ಮಾಡುತ್ತಾನೆ ಎಂದು ಕೇಳಿದೆ. ಪದ್ಯ ಬರಲ್ಲ, ಕತೆ ಗೊತ್ತು ಎಂದರು ಅತ್ತೆ. ಎಣ್ಣೆಯ ಬೀದಿಯಲ್ಲಿ ಅವನು ಕೊಪ್ಪರಿಗೆಗೆ ತನ್ನ ಕೈ ಅದ್ದುತ್ತಾನಂತೆ, ಎಣ್ಣೆ ತಣ್ಣಗಾಗುತ್ತದಂತೆ. ಕೆರೆಯವರ ಬೀದಿಯಲ್ಲಿ ಬೊಗಸೆಯಲ್ಲಿ ನೀರು ಕುಡಿಸುತ್ತಾನಂತೆ. ಹೀಗೆ ಪ್ರತಿಯೊಂದು ಬೀದಿಯಲ್ಲೂ ಅವನಿಗೆ ಒಂದು ಉಪಾಯ ಗೊತ್ತು. ಗೋಡೆ ಬೀದಿಗೆ ಬಂದಾಗ ಮಾತ್ರ ಅವನಿಗೆ ಏನು ಮಾಡುವುದೆಂದು ತೋಚುವುದಿಲ್ಲ. ತಾನೂ ಹೋಗಿ ಅವರ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಾನೆ. ತುಂಬಾ ಹೊತ್ತು ಕೂತು ಆಮೇಲೆ ಹೆಸರು ಹಿಡಿದು ಕರೆಯುತ್ತಾನೆ. ದ್ಯಾವ್ರಿಗೆ ಅವ್ರ ಮನೆ ಎಸ್ರು ಎಂಗೆ ಗೊತ್ತಾದದು ಕಣಮ್ಮಿ, ಅದ್ಕೇ ಅಲ್ಲಿ ಓದೋನು ನಿಲ್ಲಿಸ್ತಾನೆ, ಎತ್ತವ್ವ ಕೂಗ್ಬೇಕು, ಎಂದರು. ಆ ಕಾವ್ಯದಲ್ಲಿ ಮನೆಯವರು ಬಾಯಿ ಬಿಡುವುದು ಅದೊಂದೇ ಕಡೆಯಂತೆ.

ನಿಮಗೆ ಇದು ಗೊತ್ತಿತ್ತು. ಗೊತ್ತಿದ್ದೂ ಬಿಟ್ಟಿರಿ ಎಂದು ಮೊದಲು ಸಿಟ್ಟು ಬಂತು. ಅವರೆಕಾಳು ಬೇಯುವಷ್ಟು ಹೊತ್ತು ಸಿಟ್ಟು ಇತ್ತು. ಆಮೇಲೆ ಹೊಳೆಯಿತು, ಓದಿದ್ದರೆ ನಾನು ಊರ ಮುಂದೆ ಕರೆಯಬೇಕಾಗುತ್ತಿತ್ತು. ಯಾವ ತಿಥಿಯಲ್ಲೂ ಯಾವ ತಾಯಿಯೂ ಕರೆದದ್ದನ್ನು ನಾನು ಕಾಣೆ. ಆ ಬೀದಿಯವರಲ್ಲದಿದ್ದರೆ ಓದುವವನು ಅಲ್ಲಿ ನಿಲ್ಲದೆ ಮುಂದೆ ಹೋಗುತ್ತಾನಂತೆ. ನಿಮ್ಮಿಂದ ಹಾಗೆ ಹೋಗಲು ಆಗುತ್ತಿರಲಿಲ್ಲ. ನಿಂತರೆ ನನ್ನ ಸುಳ್ಳು ಬೀಳುತ್ತಿತ್ತು, ನಿಲ್ಲದಿದ್ದರೆ ಅವಳು ಅಲ್ಲೇ ಉಳಿಯುತ್ತಿದ್ದಳು. ಅದಕ್ಕೇ ಆ ಬೀದಿಯೇ ಇಲ್ಲ ಎಂದುಬಿಟ್ಟಿರಿ. ನನ್ನ ಮಾನವನ್ನೂ ಅವಳನ್ನೂ ಒಟ್ಟಿಗೆ ಉಳಿಸಲು ಹೋಗಿ ಎರಡನ್ನೂ ಕಳೆದಿರಿ. ನಿಮಗೆ ವ್ಯಾಪಾರ ಬರುವುದಿಲ್ಲ ಎಂದು ನಾನು ಯಾವಾಗಲೂ ಅನ್ನುತ್ತಿದ್ದೆ. ಆದರೆ ನರಕ ತಪ್ಪಿಸಿದರೆ ದೇವರೂ ತಪ್ಪುತ್ತಾನೆ ಎಂಬ ಲೆಕ್ಕ ನಮ್ಮಿಬ್ಬರಿಗೂ ಹೊಳೆಯಲಿಲ್ಲವಲ್ಲ.

ಮೊನ್ನೆ ಬೆಳಿಗ್ಗೆ ಕೆರೆ ಏರಿಗೆ ಹೋಗಿದ್ದೆ. ಅಲ್ಲಿಗೆ ಹೋದದ್ದು ಅದೇ ಮೊದಲು. ಓದು ಇಲ್ಲದಿದ್ದರೇನು, ನಾನೇ ಕರೆಯುತ್ತೇನೆ ಎಂದು ಹೋದೆ. ಹುಟ್ಟಿದಾಗ ಅಂಗೈಯಲ್ಲಿ ಕಡಲೆಕಾಳಿನಷ್ಟಿದ್ದಳೆಂದು ಕಡ್ಲೆ ಕಡ್ಲೆ ಎಂದು ಕರೆದು ಕರೆದು, ಕಾಲೇಜಿಗೆ ಹೋಗುವಾಗಲೂ ಬಸ್ ಸ್ಟಾಪಿನಲ್ಲಿ ಹಾಗೇ ಕೂಗಿ ಬೈಸಿಕೊಂಡ ಬಾಯಿ ಇದು. ಅವತ್ತು ಬರಲಿಲ್ಲ. ವಾಕಿಂಗಿಗೆ ಬಂದವರು ನೀರು ಬೇಕಾ ಆಂಟಿ ಎಂದು ಕೇಳಿ ಹೋದರು. ಫ್ಯಾಕ್ಟರಿ ಮ್ಯಾನೇಜರುಗಳ ಎದುರು ನಿಂತು ಸಾರಿನ ರೇಟು ಮಾತಾಡುವವಳಿಗೆ ಎರಡು ಅಕ್ಷರ ಹೊರಡಲಿಲ್ಲ. ಯಾರಾದರೂ ಮೊದಲು ಅಲ್ಲಿಯ ತನಕ ದಾರಿ ಮಾಡಿಕೊಡಬೇಕು ಎಂದು ಕಾಣುತ್ತದೆ. ಹೆಜ್ಜೆ ಹೆಜ್ಜೆಯಾಗಿ, ಬೀದಿ ಬೀದಿಯಾಗಿ. ಅದಕ್ಕೇ ಇರಬೇಕು ಆ ಪುಣ್ಯಾತ್ಮ ಅಷ್ಟುದ್ದ ಬರೆದದ್ದು.

ಬರುವ ತಿಂಗಳು ವರ್ಷದ ತಿಥಿ. ಊರಿಗೆಲ್ಲ ಹೇಳುತ್ತೇನೆ. ಈ ಸಲ ಯಾವ ಮಾತನ್ನೂ ಕಟ್ಟುವುದಿಲ್ಲ. ಕೇಳಿದವರಿಗೆ, ನನ್ನ ಮಗಳ ಬೀದಿ ಅದು, ಅಲ್ಲಿಗೆ ದೇವರನ್ನು ಕರೆಸುತ್ತಿದ್ದೇವೆ ಎನ್ನುತ್ತೇನೆ. ನೀವು ಬಂದು ಎರಡು ಅರ್ಧವನ್ನೂ ಓದಬೇಕು. ನಿಲ್ಲಬೇಕಾದ ಕಡೆ ನಿಲ್ಲಬೇಕು. ಅಲ್ಲಿಯ ತನಕ ಯಾರಿಗೂ ಎಲೆ ಹಾಕುವುದಿಲ್ಲ, ಹಸಿದರೆ ಹಸಿಯಲಿ. ಓದಲು ಮನಸ್ಸಿಲ್ಲದಿದ್ದರೆ ಬರುವುದು ಬೇಡ, ಬಲವಂತವಿಲ್ಲ.

ಕೊನೆಗೆ, ಯಾರಿಗೆ ಏನು ಸಿಕ್ಕಿತು ಎಂಬ ಲೆಕ್ಕ. ಊರಿಗೆ ನಿಜ ಸಿಕ್ಕಿತು. ಶ್ಯಾಮಲಕ್ಕನಿಗೆ ತಮ್ಮ ಸಿಕ್ಕಿದ. ಲೋಕೇಶನಿಗೆ ಸ್ಪೀಕರ್ ಬಾಡಿಗೆಗೆ ಬಿಡುವ ಹೊಸ ದಾರಿ ಸಿಕ್ಕಿತು. ಅತ್ತೆಗೆ ಮಧ್ಯಾಹ್ನ ಜೊತೆಗೆ ಕೂರುವ ಸೊಸೆ ಸಿಕ್ಕಿದಳು. ನನಗೆ ಒಂದು ಬೀದಿಯ ಗುರುತು ಸಿಕ್ಕಿತು. ನಿಮಗೆ ಒಂದು ಗೇಟು, ಒಂದು ಕುರ್ಚಿ. ಮಂಜುವಿಗೆ ಇನ್ನೂ ಏನೂ ಸಿಕ್ಕಿಲ್ಲ.

ಇಂತಿ,
ಯಮುನಾ
(ಊರಿನವರ ಬಾಯಲ್ಲಿ ಈಗಲೂ ಮಂಜುಶ್ರೀ ಅಮ್ಮ)

ಮರೆತ ಮಾತು: ಬಲವಂತವಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿ. ಕವರಿನ ಒಳಗೆ ಒಂದು ಅರಿಶಿನದ ದಾರ ಇದೆ, ಬೀಳಿಸಬೇಡಿ. ನರಕದ ಅರ್ಧವನ್ನು ಯಾರ ಬಾಯಲ್ಲಿ ಹೇಳಿದರೂ ನಡೆಯುತ್ತದೆ ಎಂದು ಅತ್ತೆ ಅಂದರು. ನಿನ್ನೆ ಸಂಜೆ ಅವರು ಹೇಳಿಕೊಟ್ಟ ಹಾಗೆ ಗೋಡೆ ಬೀದಿಯ ಪದ್ಯವನ್ನು ನಾನೇ ಹೇಳಿ, ನಾನೇ ಗಂಟು ಹಾಕಿದೆ. ಅವಳನ್ನು ಕೈಹಿಡಿದು ಕರೆದುಕೊಂಡು ಹೋಗಿ ಅಲ್ಲಿ ಕೂರಿಸಿ ಬಂದಿದ್ದೇನೆ. ಬಿಚ್ಚಲು ನನಗೆ ಬರುವುದಿಲ್ಲ. ಬೇಗ ಬನ್ನಿ.